ಏಲಕ್ಕಿಬಾಳೆಯ ಐಸ್‌ಕ್ರೀಂ

ಐಸ್‌ಕ್ರೀಂ ಮೆಷೀನನ್ನು ಅಂಗಡಿಯ ಕೌಂಟರಿನ ಮೇಲಿಟ್ಟು ಉಸಿರು ಬಿಡುವಾಗ ಶೈಲಜಾಳ ಕಣ್ಣು ಎದುರಿಗಿದ್ದವನ ಬಲಗೈ ಮೇಲೆ ಬಿತ್ತು. ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೇ ಮುಗಿದಿದ್ದವು.

"ಬಾಲಾಜಿ?"

"ಅಯ್ಯೋ, ಪೀಣ್ಯದ ಕ್ವಾಲಿಟಿ ಮೇಡಂ! ನೀವೇನು ಹೆಬ್ಬಗೋಡಿಲಿ?" ಬಾಲಾಜಿ ಬಾಯ್ತುಂಬ ನಕ್ಕ. ನಲವತ್ತು ದಾಟಿದ ಮನುಷ್ಯ, ನಗು ಮಾತ್ರ ಹಳೆಯದೇ. ನಗುತ್ತಲೇ ಒಳಗೆ ತಿರುಗಿದವನು ತಟ್ಟನೆ ಸುಮ್ಮನಾದ.

ಒಳಗೆ ತಾಮ್ರದ ತಂತಿಯ ಉರುಳೆಗಳ ನಡುವೆ ಒಬ್ಬ ತಲೆ ತಗ್ಗಿಸಿ ಕೂತಿದ್ದ. ಅವನು ಮುಖ ಎತ್ತುವ ಮೊದಲೇ ಅವಳಿಗೆ ತಿಳಿದುಹೋಯಿತು. ಮೂರು ವರ್ಷದ ಹಿಂದೆ ಪೀಣ್ಯದಿಂದ ಹೊರಟ ಮೆಟ್ರೋದಲ್ಲಿ ಎಷ್ಟೋ ಸಂಜೆ ಆ ಬಾಗಿದ ಕತ್ತನ್ನೇ ನೋಡುತ್ತ ನಿಂತಿದ್ದಳು. ಅವನು ಥಟ್ಟನೆ ತಿರುಗಿದರೆ ಇವಳು ಕಿಟಕಿಯಾಚೆ ಏನೋ ಕಂಡವಳಂತೆ ನೋಡುವುದು, ಅವನು ತುಟಿಯಂಚಿನಲ್ಲಿ ನಗುವುದು. ಅದಕ್ಕಿಂತ ಮುಂದಕ್ಕೆ ಇಬ್ಬರೂ ಹೋಗಿರಲಿಲ್ಲ. ಹೋಗುವವರಿದ್ದರು.

ನಂದೀಶ್ ಎದ್ದು ಬಂದ. ಅವನ ನೋಟ ಅವಳ ಮುಖದ ಮೇಲೆ ಒಂದು ಕ್ಷಣ ನಿಂತಿತು, ಬಿಸಿ ತಗುಲಿದಂತೆ ಅಲ್ಲಿಂದ ಮೆಷೀನಿಗೆ ಸರಿಯಿತು.

"ಏನಾಗಿದೆ ಮೇಡಂ?"

ಶೈಲಜಾ ಎಂದು ಕರೆಯುತ್ತಿದ್ದ ಬಾಯಿ. ಈಗ ಮೇಡಂ.

ಮೆಷೀನು ಎತ್ತಿಕೊಂಡು ಹೊರಟುಬಿಡಬೇಕೆನಿಸಿತು. ಆದರೆ ಶನಿವಾರ ಸಂಜೆ ನಾಲ್ಕಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೂರು ಅಂಗಡಿಯವರು ಆಗಲ್ಲ ಎಂದು ಕೈ ಆಡಿಸಿದ್ದರು. ಹೊಸದು ಆರ್ಡರ್ ಮಾಡಿದರೆ ಬರುವುದು ಬುಧವಾರ.

"ಮಧ್ಯಾಹ್ನ ತಿರುಗ್ತಾ ತಿರುಗ್ತಾ ನಿಂತುಬಿಡ್ತು. ಸುಟ್ಟ ವಾಸನೆ ಬಂತು."

ಅವನು ಬಾಗಿ ಮೂಸಿದ. "ಒಳಗಿನ ಮೋಟಾರ್ ಸುಟ್ಟಿದೆ. ಪೂರ್ತಿ ಬಿಚ್ಚಿ ಹೊಸದಾಗಿ ತಂತಿ ಸುತ್ತಬೇಕು. ಮಂಗಳವಾರ ಬನ್ನಿ."

"ನಾಳೆ ಬೆಳಿಗ್ಗೆ ಬೇಕು."

"ಐಸ್‌ಕ್ರೀಂಗೆ ಇಷ್ಟು ಅರ್ಜೆಂಟಾ?"

ಮಾತಿನಲ್ಲಿ ಸಣ್ಣ ಕೊಂಕಿತ್ತು. ಬಾಲಾಜಿ ಕೂಡ ಕತ್ತೆತ್ತಿ ನೋಡಿದ. ಶೈಲಜಾ ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ನಮ್ಮ ಅಪ್ಪಾಜಿ ಗಂಟಲಲ್ಲಿ ಇದೊಂದೇ ಇಳಿಯೋದು ನಂದೀಶ್. ಬೇರೆ ಏನೂ ಇಳಿಯಲ್ಲ."

ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

*

ಶೈಲಜಾಳ ತಂದೆ ಶೇಖರಪ್ಪ ದಾವಣಗೆರೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಹೇಳಿಕೊಟ್ಟವರು. ಕೊನೆಯ ಬೆಂಚಿಗೂ ಕೇಳುವ ಗಂಟಲು. ಅದೇ ಗಂಟಲಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಆಯಿತು, ಏಳು ವಾರ ರೇಡಿಯೇಷನ್ ಆಯಿತು. ಗಡ್ಡೆ ಹೋಯಿತು ಎಂದರು ಡಾಕ್ಟರು. ಅದರ ಜೊತೆಗೆ ದನಿಯೂ ಹೋಯಿತು, ರುಚಿಯೂ ಹೋಯಿತು. ಬಾಯಿಯೊಳಗೆಲ್ಲ ಹುಣ್ಣು. ಗಂಜಿ ಉರಿಯುತ್ತಿತ್ತು, ನೀರೂ ಉರಿಯುತ್ತಿತ್ತು.

ಅಂಗಡಿಯ ಐಸ್‌ಕ್ರೀಂ ತಂದಳು. ಎಸೆನ್ಸ್ ಚುರುಗುಟ್ಟಿತು. ಮಿಶ್ರಣವನ್ನು ಸುಮ್ಮನೆ ಫ್ರೀಜರಿನಲ್ಲಿಟ್ಟಳು, ಮಂಜಿನ ಹರಳು ಹುಣ್ಣಿಗೆ ಚುಚ್ಚಿತು. ಕೊನೆಗೆ ಈ ಮೆಷೀನು ತಂದಳು. ಕೆನೆಹಾಲು, ನುಣ್ಣಗೆ ರುಬ್ಬಿದ ಬಾದಾಮಿ, ಕಳಿತ ಏಲಕ್ಕಿಬಾಳೆ, ಡಯಟೀಷಿಯನ್ ಹೇಳಿದ ಪುಡಿ. ನಲವತ್ತು ನಿಮಿಷ ತಣ್ಣಗಾಗುತ್ತ ತಿರುಗಿದರೆ ಬೆಣ್ಣೆಯಂತಾಗುತ್ತಿತ್ತು. ಅಪ್ಪಾಜಿ ಕಣ್ಣು ಮುಚ್ಚಿ ನುಂಗುತ್ತಿದ್ದರು. ಹನ್ನೆರಡು ದಿನ ಅದೇ ಅವರ ಊಟ.

ಆದರೂ ತೂಕ ಇಳಿಯುತ್ತಲೇ ಇತ್ತು. ಸೋಮವಾರ ನಲವತ್ತಾರು ಕಿಲೋಗಿಂತ ಕಡಿಮೆ ಬಂದರೆ ಮೂಗಿನ ಮೂಲಕ ಹೊಟ್ಟೆಗೆ ನಳಿಗೆ ಹಾಕುತ್ತೇವೆ ಎಂದು ಡಾಕ್ಟರು ಅವಳನ್ನೊಬ್ಬಳನ್ನೇ ಕರೆದು ಹೇಳಿದ್ದರು. ಟ್ರೀಟ್‌ಮೆಂಟ್ ಶುರುವಾದ ದಿನವೇ ಅಪ್ಪಾಜಿ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ್ದರು: 'ಏನಾದರೂ ಮಾಡಿ, ನಳಿಗೆ ಬೇಡ. ಅದು ಬಂದರೆ ನಾನು ಮುಗಿದ ಹಾಗೆ.'

ಅದಕ್ಕೇ ಅವಳು ಅವರಿಗೆ ಹೇಳಿರಲಿಲ್ಲ. ಪ್ರತಿ ಸಲವೂ "ತೂಕ ಪರವಾಗಿಲ್ಲ ಅಪ್ಪಾಜಿ" ಎನ್ನುತ್ತಿದ್ದಳು.

*

ಬಾಲಾಜಿ ಟೀ ತಂದುಕೊಟ್ಟ. ಅವಳು ಸ್ಟೂಲಿನ ಮೇಲೆ ಕೂತು ನಂದೀಶನ ಕೈಗಳನ್ನು ನೋಡುತ್ತಿದ್ದಳು. ಸುಟ್ಟ ತಂತಿ ಕಪ್ಪು ಕೂದಲಿನಂತೆ ಕಿತ್ತು ಬಂತು. ಸುತ್ತುವ ಯಂತ್ರಕ್ಕೆ ಹೊಸ ತಂತಿ ಏರಿಸಿದ. ಅವನ ತುಟಿ ಮೆಲ್ಲಗೆ ಎಣಿಸುತ್ತಿತ್ತು. ಒಮ್ಮೆ ತಲೆ ಎತ್ತಿದಾಗ ಅವಳು ಸಿಕ್ಕಿಬಿದ್ದಳು. ಈಗ ನೋಡಲು ಕಿಟಕಿ ಇರಲಿಲ್ಲ. ಅವನು ನಗಲೂ ಇಲ್ಲ.

ಮೂರು ವರ್ಷದ ಹಿಂದೆ ಪೀಣ್ಯದ ಆ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಅವಳು ಕ್ವಾಲಿಟಿ ಇಂಜಿನಿಯರ್, ಅವನು ಮೇಂಟೆನೆನ್ಸ್. ಒಂದು ಮಧ್ಯಾಹ್ನ ತಗಡು ಒತ್ತುವ ಮೂರನೇ ಪ್ರೆಸ್ಸಿನ ಗಾರ್ಡ್ ಸ್ವಿಚ್ ಕೆಟ್ಟಿತು. ಕಂಬಿಬಾಗಿಲು ಮುಚ್ಚದ ಹೊರತು ಪ್ರೆಸ್ ಇಳಿಯದಂತೆ ತಡೆಯುವ ಸ್ವಿಚ್ಚು ಅದು. ಸಂಜೆಯೊಳಗೆ ಮಾಲು ಹೋಗಬೇಕಿತ್ತು. ನಂದೀಶ್ ಎರಡು ತಂತಿ ನೇರವಾಗಿ ಸೇರಿಸಿ ಪ್ರೆಸ್ ನಡೆಯುವಂತೆ ಮಾಡಿದ. 'ಸಂಜೆವರೆಗೆ ಮಾತ್ರ' ಎಂದ. ಸಂಜೆಗೆ ಮುಂಚೆಯೇ ಅದನ್ನು ನಡೆಸುತ್ತಿದ್ದ ಬಾಲಾಜಿಯ ಎರಡು ಬೆರಳು ಹೋದವು.

ಆಪರೇಟರನ ಅಜಾಗರೂಕತೆ ಎಂದು ಬರೆಯಿರಿ ಎಂದರು ಮೇಲಿನವರು. ಶೈಲಜಾ ಹಾಗೆ ಬರೆಯಲಿಲ್ಲ. ಸ್ವಿಚ್ ಬೈಪಾಸ್ ಆಗಿತ್ತು, ಮಾಡಿದವರು ನಂದೀಶ್ ಎಂದು ಬರೆದು ಸಹಿ ಹಾಕಿದಳು. ಮರುದಿನ ಅವನನ್ನು ಕೆಲಸದಿಂದ ತೆಗೆದರು. ಅವನು ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಎರಡು ತಿಂಗಳಲ್ಲಿ ಅವಳು ಕಾರ್ಖಾನೆ ಬಿಟ್ಟು ಎಲೆಕ್ಟ್ರಾನಿಕ್ ಸಿಟಿಗೆ ಬಂದಳು. ಅವನ ಊರು ಇದೇ ದಿಕ್ಕಿನಲ್ಲಿ ಎಲ್ಲೋ ಎಂದು ಗೊತ್ತಿತ್ತು. ಯಾವ ಬೀದಿ ಎಂದು ವಿಚಾರಿಸುವ ಧೈರ್ಯ ಬಂದಿರಲಿಲ್ಲ.

ಆರೂವರೆಗೆ ಮೋಟಾರು ಗುಂಯ್ ಎಂದು ತಿರುಗಿತು. ಶೈಲಜಾ ಎದ್ದು ನಿಂತಳು, ಕಣ್ಣು ತುಂಬಿತು.

"ಥ್ಯಾಂಕ್ಸ್..."

"ತಡೀರಿ." ಅವನು ಮುಚ್ಚಳ ತೆಗೆದ. ರೆಕ್ಕೆ ನಿಲ್ಲಬೇಕಿತ್ತು. ನಿಲ್ಲದೆ ತಿರುಗುತ್ತಲೇ ಇತ್ತು. ಮುಚ್ಚಿದ, ಈಗ ನಿಂತೇಬಿಟ್ಟಿತು. ಮತ್ತೆ ತೆಗೆದು ಮುಚ್ಚಿದ, ತಿರುಗಲಿಲ್ಲ. "ಮುಚ್ಚಳದ ಸ್ವಿಚ್ ಹೋಗಿದೆ. ಇವತ್ತು ಕೊಡಕ್ಕಾಗಲ್ಲ."

"ಸ್ವಿಚ್ ಇಲ್ದೆ ಓಡಲ್ವಾ?"

"ನೇರ ತಂತಿ ಕೊಟ್ರೆ ಓಡುತ್ತೆ."

"ಹಾಗಾದ್ರೆ ಕೊಡಿ. ಸೋಮವಾರದವರೆಗೆ ಮಾತ್ರ. ಆಮೇಲೆ ಸರಿ ಮಾಡಿಸ್ಕೊತೀನಿ."

ಹೇಳಿ ಮುಗಿದ ಮೇಲೆ ಅವಳಿಗೆ ತನ್ನ ಮಾತು ಕೇಳಿಸಿತು. ಬಾಲಾಜಿ ಕೈಯಲ್ಲಿದ್ದ ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ಮನೇಲಿ ಯಾರು ಮಾಡೋದು ಐಸ್‌ಕ್ರೀಂ?" ನಂದೀಶ್ ಕೇಳಿದ.

"ನಾನು. ಕೆಲವು ಸಲ ಅವ್ವ."

"ಅವ್ವ ಗಟ್ಟಿಯಾಯ್ತಾ ಅಂತ ಹೇಗೆ ನೋಡ್ತಾರೆ?"

ಅವಳ ಕಣ್ಣು ಬಾಲಾಜಿಯ ಬಲಗೈಗೆ ಹೋಯಿತು. ಅವ್ವ ಬೆರಳಿಟ್ಟು ನೋಡುತ್ತಿದ್ದರು.

"ನನ್ನಿಂದ ಆಗಲ್ಲ ಮೇಡಂ."

"ಇದು ಪ್ರೆಸ್ ಅಲ್ಲ ನಂದೀಶ್, ಅಡಿಗೆಮನೆ ಸಾಮಾನು! ಅಲ್ಲಿ ನಮ್ಮ ಅಪ್ಪಾಜಿ ಬೆಳಿಗ್ಗೆಯಿಂದ ಮೂರು ಚಮಚ ತಿಂದಿದಾರೆ, ಇಲ್ಲಿ ನೀವು ಹಳೇ ಸೇಡು..."

"ಸೇಡಲ್ಲ." ಅವನ ದನಿ ಏರಲಿಲ್ಲ. "ನಾಳೆ ಒಂಬತ್ತಕ್ಕೆ ನಾನೇ ಮನೆಗೆ ತರ್ತೀನಿ. ಸ್ವಿಚ್ ಹಾಕೇ ತರ್ತೀನಿ. ಅಡ್ರೆಸ್ ಬರೆದಿಡಿ."

"ಭಾನುವಾರ ಸ್ವಿಚ್ ಎಲ್ಲಿ ಸಿಗುತ್ತೆ?"

ಅವನು ಪೆನ್ನು, ಚೀಟಿ ಅವಳ ಮುಂದಿಟ್ಟ. ಅವಳು ಅಡ್ರೆಸ್ ಗೀಚಿ, ತಿರುಗಿ ನೋಡದೆ ಆಟೋ ಹತ್ತಿದಳು. ಹೊಸೂರು ರಸ್ತೆಯ ಉದ್ದಕ್ಕೂ ಕೆನ್ನೆ ಉರಿಯುತ್ತಿತ್ತು. ಕೋಪವೋ ನಾಚಿಕೆಯೋ ಅವಳಿಗೇ ಬಗೆಹರಿಯಲಿಲ್ಲ.

*

ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ನಂದೀಶ್. ಒಂದು ಕಂಕುಳಲ್ಲಿ ಮೆಷೀನು, ಇನ್ನೊಂದು ಕೈಯಲ್ಲಿ ಸ್ಟೀಲ್ ಕ್ಯಾನು.

"ನಮ್ಮನೆ ಹಸುವಿನ ಹಾಲು. ಕೆನೆ ಜಾಸ್ತಿ ಇರುತ್ತೆ ಅಂತ..." ಎಂದವನು ಚಪ್ಪಲಿ ಬಿಡುವುದರಲ್ಲಿ ಮಗ್ನನಾದ.

"ಯಾರವ್ವಾ?" ಶೈಲಜಾಳ ತಾಯಿ ಚನ್ನಬಸಮ್ಮ ವಿಭೂತಿ ಹಚ್ಚಿಕೊಂಡ ಹಣೆಯೊಡನೆ ಈಚೆ ಬಂದರು.

"ರಿಪೇರಿಯವ್ರು ಅವ್ವ."

ಆ ಪದಕ್ಕೆ ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳು ನೋಟ ತಪ್ಪಿಸಿದಳು.

ಹಾಲು ಕಾದು ಆರಿತು. ಮಿಶ್ರಣ ಮೆಷೀನಿಗೆ ಸುರಿದಳು. ಅವನು ಮುಚ್ಚಳ ಹಾಕಿ ಗುಂಡಿ ಒತ್ತಿದ. ತಿರುಗಿತು. ಮುಚ್ಚಳ ತುಸು ಎತ್ತಿದ. ನಿಂತಿತು.

"ಸ್ವಿಚ್ ಎಲ್ಲಿ ಸಿಕ್ತು?"

"ಸಿಕ್ತು."

"ನಂದೀಶ್."

"ಸುತ್ತೋ ಮೆಷೀನಿಂದ ಬಿಚ್ಚಿದೆ. ಇದೇ ಸೈಜು ಇತ್ತು."

ಅವನ ಅಂಗಡಿಯ ಸುತ್ತುವ ಯಂತ್ರ. ಅದಿಲ್ಲದೆ ಅಲ್ಲಿ ಕೆಲಸವೇ ನಡೆಯದು. ಅವಳು ಏನೋ ಹೇಳಲು ಬಾಯಿ ತೆರೆದಳು. ಹಾಲ್‌ನಿಂದ ಅಪ್ಪಾಜಿ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು. ಜುಬ್ಬಾದೊಳಗೆ ಮನುಷ್ಯ ಎಲ್ಲಿದ್ದಾನೆಂದು ಹುಡುಕಬೇಕಿತ್ತು. ಫೋನ್ ಮುಂದೆ ಮಾಡಿದರು: 'ಮೋಟಾರಿಗೆ ತಂತಿ ಎಷ್ಟು ಸುತ್ತು?'

"ಒಂದೊಂದು ಕಾಯಿಲ್‌ಗೆ ಎಂಟುನೂರ ನಲವತ್ತು ಸಾರ್," ಎಂದ ನಂದೀಶ್. "ಬಿಚ್ಚುವಾಗ ಎಣಿಸಿಕೊಂಡೆ."

ಅಪ್ಪಾಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಎಣಿಸುವ ಹುಡುಗರನ್ನು ಅವರು ಎಂದೂ ಮರೆಯುತ್ತಿರಲಿಲ್ಲ. ಮೆಲ್ಲಗೆ ತಲೆಯಾಡಿಸಿ ಸೋಫಾಕ್ಕೆ ಮರಳಿದರು.

ಹದಿನೆಂಟನೆಯ ನಿಮಿಷಕ್ಕೆ ಕರೆಂಟು ಹೋಯಿತು.

ಫ್ಯಾನು, ಫ್ರಿಜ್ಜು, ಮೆಷೀನು ಎಲ್ಲ ಒಟ್ಟಿಗೇ ಸದ್ದಡಗಿದವು. ಶೈಲಜಾ ಕಿಟಕಿಯಿಂದ ಬಗ್ಗಿ ವಾಚ್‌ಮನ್ನನ್ನು ಕೂಗಿದಳು. "ಲೈನ್ ಕೆಲ್ಸ ಮೇಡಂ, ಹನ್ನೆರಡರವರೆಗೆ ಬರಲ್ಲ. ಜನರೇಟರ್ ಲಿಫ್ಟಿಗೆ ಮಾತ್ರ!"

ಮನೆಯಲ್ಲಿದ್ದ ಬಾದಾಮಿಯೆಲ್ಲ ಅದರಲ್ಲೇ ಇತ್ತು. ಈಗ ನಿಂತರೆ ಅಂಚಿನಲ್ಲಿ ಮಂಜು ಕಟ್ಟಿ ನಡುವೆ ನೀರಾಗುತ್ತದೆ. ಅವಳು ಗಡಿಯಾರ ನೋಡಿದಳು, ಮೆಷೀನು ನೋಡಿದಳು, ಅಡಿಗೆಕಟ್ಟೆಗೆ ಒರಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಐಸ್ ಕ್ಯೂಬ್ ಇದೆಯಾ?" ನಂದೀಶ್ ಆಗಲೇ ಪ್ಲಗ್ ಕಿತ್ತು ಮುಚ್ಚಳ ತೆಗೆದಿದ್ದ. "ದೊಡ್ಡ ಪಾತ್ರೆ ಕೊಡಿ. ಕೈಯಲ್ಲೇ ಕಲಕೋಣ."

ಫ್ರೀಜರಿನ ಐಸೆಲ್ಲ ಪಾತ್ರೆಗೆ ಬಿತ್ತು. ಮೆಷೀನಿನ ಬಟ್ಟಲನ್ನು ಅದರೊಳಗೆ ಕೂರಿಸುವಷ್ಟರಲ್ಲಿ ಬಾಗಿಲ ಬಳಿ ಚಪ್ಪಾಳೆಯ ಸದ್ದು. ಅಪ್ಪಾಜಿ ಮತ್ತೆ ಬಂದಿದ್ದರು. ಕಣ್ಣಲ್ಲಿ ತಿಂಗಳುಗಳಿಂದ ಕಾಣದ ಹೊಳಪು. ಫೋನಿನಲ್ಲಿ ಒಂದೇ ಪದ: 'ಉಪ್ಪು!'

"ಹೌದಲ್ಲ ಸಾರ್! ಉಪ್ಪು ಬಿದ್ರೆ ಐಸ್ ಇನ್ನೂ ತಣ್ಣಗಾಗುತ್ತೆ!" ನಂದೀಶ್ ನಕ್ಕುಬಿಟ್ಟ. ಚನ್ನಬಸಮ್ಮ ಕಲ್ಲುಪ್ಪಿನ ಡಬ್ಬಿಯನ್ನೇ ಬಗ್ಗಿಸಿ, ಗಂಡನನ್ನು ತೋಳು ಹಿಡಿದು ಹಾಲ್‌ಗೆ ಕರೆದೊಯ್ದರು.

ಅವನು ಪಾತ್ರೆ ಹಿಡಿದ, ಅವಳು ಮರದ ಸೌಟಿನಿಂದ ಬಟ್ಟಲಿನ ಅಂಚು ಕೆರೆಯುತ್ತ ಕಲಕಿದಳು. ಐದು ನಿಮಿಷಕ್ಕೆ ಅವಳ ತೋಳು ಸೋತಿತು. ಅವನು ಸೌಟು ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಮಂಜಿನಷ್ಟು ತಣ್ಣಗಿದ್ದವು ಇಬ್ಬರ ಬೆರಳೂ. ಇಬ್ಬರೂ ಕೈ ಹಿಂದಕ್ಕೆಳೆಯುವುದನ್ನು ಒಂದು ಕ್ಷಣ ಮರೆತರು.

"ಬಾಲಾಜಿ ನಿಮ್ಮಂಗಡೀಲಿ ಹೇಗೆ?" ಅವಳು ಮೆಲ್ಲಗೆ ಕೇಳಿದಳು.

"ಅವನ ಮನೆಗೆ ಹೋಗಿದ್ದೆ. ಮೂರು ಸಲ ಬಾಗಿಲು ತೆಗೀಲಿಲ್ಲ. ನಾಲ್ಕನೇ ಸಲ ತೆಗೆದ. ಈಗ ಅಂಗಡೀಲಿ ಅವನ್ದೂ ಅರ್ಧ." ಕಲಕುತ್ತಲೇ ಹೇಳಿದ. "ನೀವು ಬರೆದಿದ್ದು ನಿಜ. ಆ ಬಗ್ಗೆ ನನಗೆ ಒಂದು ದಿನಾನೂ ಕೋಪ ಇಲ್ಲ."

"ಹಾಗಾದ್ರೆ ಯಾಕೆ ಒಂದು ಫೋನೂ..."

ಸೌಟು ನಿಂತಿತು.

"ಬರೆಯೋ ಮೊದಲು ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ನಾನೇ ಹೇಳ್ತಿದ್ದೆ, ನನ್ನ ಹೆಸರು ಬರೀರಿ ಅಂತ. ನೀವು ಕೇಳ್ಲಿಲ್ಲ. ಇವನು ಸುಳ್ಳು ಹೇಳಬಹುದು ಅಂತ ನಿಮಗೆ ಅನ್ನಿಸ್ತಲ್ಲ ಶೈಲಜಾ. ಅದು ನುಂಗೋಕಾಗ್ಲಿಲ್ಲ."

ತನ್ನ ಹೆಸರು ಅವನ ಬಾಯಲ್ಲಿ ಕೇಳಿ ಮೂರು ವರ್ಷವಾಗಿತ್ತು.

"ಹಾಗಲ್ಲ. ನಿಮ್ಮ ಮುಖ ನೋಡಿದ್ರೆ ನನ್ನ ಕೈಲಿ ಬರೆಯೋಕಾಗ್ತಿರ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ." ಅವಳು ಸೌಟು ಕಿತ್ತುಕೊಂಡು ಜೋರಾಗಿ ಕಲಕತೊಡಗಿದಳು. "ಬರೆದಿದ್ದಕ್ಕೆ ನಾನು ಸಾರಿ ಕೇಳಲ್ಲ ನಂದೀಶ್. ಕೇಳದೆ ಬರೆದಿದ್ದಕ್ಕೆ ಕೇಳ್ತೀನಿ. ಆಮೇಲೆ ಓಡಿಹೋಗಿದ್ದಕ್ಕೆ ಕೇಳ್ತೀನಿ."

ಪಾತ್ರೆಯ ಐಸು ಕರಗಿ ಅವನ ಕೈಯ ಮೇಲೆ ಹರಿಯುತ್ತಿತ್ತು.

"ಒಂದು ಕೇಳ್ಲಾ? ನಿನ್ನೆ ಸೋಮವಾರದವರೆಗೆ ಮಾತ್ರ ಅಂದ್ರಲ್ಲ, ನಾಳೆ ಏನಿದೆ?"

ಅವಳು ದನಿ ತಗ್ಗಿಸಿ ತೂಕದ, ನಳಿಗೆಯ ವಿಷಯ ಹೇಳಿದಳು.

"ಅವರಿಗೆ ಗೊತ್ತಾ?"

"ಇಲ್ಲ."

"ಮತ್ತೆ ಅದೇ ಮಾಡ್ತಿದೀರ. ಕೇಳದೆ ನೀವೇ ತೀರ್ಮಾನ ಮಾಡ್ಕೊಂಡುಬಿಟ್ಟಿದೀರ."

"ನಿಮಗೇನು ಗೊತ್ತು? ಆ ಮಾತು ಕೇಳಿದ್ರೆ ಅವರು ತಿನ್ನೋದನ್ನೇ ಬಿಡ್ತಾರೆ!" ಅವಳ ಕಣ್ಣು ಕೆಂಪಾಯಿತು. "ನೀವು ಬಂದಿರೋದು ಮೆಷೀನ್ ಕೊಡೋಕೆ. ಕೊಟ್ಟಾಯ್ತಲ್ಲ."

ಅವನು ತಲೆ ತಗ್ಗಿಸಿದ. ಆದರೂ ಪಾತ್ರೆ ಬಿಡಲಿಲ್ಲ. ಮುಂದಿನ ಅರ್ಧ ಗಂಟೆ ಇಬ್ಬರೂ ಸರದಿಯ ಮೇಲೆ ಕಲಕಿದರು.

*

ಬೆಣ್ಣೆಯಂತೆ ಅಲ್ಲದಿದ್ದರೂ ಮೆತ್ತಗೆ ಬಂದಿತ್ತು. ಚನ್ನಬಸಮ್ಮ ಬಟ್ಟಲಿಗೆ ಹಾಕಿ ಗಂಡನ ಕೈಗೆ ಕೊಟ್ಟರು. ಒಂದು ಚಮಚ. ಎರಡು. ಮೂರನೆಯದಕ್ಕೆ ಗಂಟಲು ಕದಲಿತು, ಮುಖ ಕಿವುಚಿತು. ನಾಲ್ಕು. ಬಟ್ಟಲು ಪಕ್ಕಕ್ಕಿಟ್ಟರು.

"ಇನ್ನೆರಡು ಅಪ್ಪಾಜಿ," ಶೈಲಜಾ ನೆಲದ ಮೇಲೆ ಅವರ ಮುಂದೆ ಕೂತಳು. "ನನಗೋಸ್ಕರ."

ಅವರು ಫೋನ್ ಎತ್ತಿಕೊಂಡು ನಿಧಾನವಾಗಿ ಟೈಪ್ ಮಾಡಿದರು. ತಿರುಗಿಸಿ ತೋರಿಸಿದರು.

'ನಾಳೆ ತೂಕ ಎಷ್ಟು ಇರಬೇಕು? ಅಡಿಗೆಮನೆಯ ಮಾತು ಹಾಲ್‌ಗೆ ಕೇಳುತ್ತೆ. ನನಗೆ ಹೋಗಿರೋದು ನಾಲಿಗೆ, ಕಿವಿ ಅಲ್ಲ.'

ಶೈಲಜಾ ಅವ್ವನ ಕಡೆ ನೋಡಿದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಬಾಗಿಲ ಬಳಿ ನಂದೀಶ್ ಚಪ್ಪಲಿ ಮೆಟ್ಟಿ ಹೊರಡಲೂ ಆಗದೆ ಉಳಿಯಲೂ ಆಗದೆ ನಿಂತಿದ್ದ.

"ನಲವತ್ತಾರು," ಎಂದಳು. "ಹೋದ ವಾರ ನಲವತ್ತಾರು ಪಾಯಿಂಟ್ ಮೂರು. ಅದಕ್ಕೂ ಹಿಂದೆ ನಲವತ್ತೇಳೂವರೆ. ನಾನು ಸುಳ್ಳು ಹೇಳ್ತಿದ್ದೆ ಅಪ್ಪಾಜಿ. ಕಮ್ಮಿ ಬಂದ್ರೆ ನಳಿಗೆ ಹಾಕ್ತಾರೆ."

ಅಪ್ಪಾಜಿ ಕಣ್ಣು ಮುಚ್ಚಿದರು. ಕೈ ಚಾಚಿ ಮಗಳ ತಲೆಯ ಮೇಲಿಟ್ಟರೋ, ಅವಳನ್ನು ದೂರ ಸರಿಸಿದರೋ ತಿಳಿಯದಂಥ ಒಂದು ಚಲನೆ. ಎದ್ದು ಗೋಡೆ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ದಿನ ಮತ್ತೇನೂ ತಿನ್ನಲಿಲ್ಲ.

ಶೈಲಜಾ ತಿರುಗಿದಾಗ ನಂದೀಶ್ ಹೋಗಿಯಾಗಿತ್ತು.

*

ಸೋಮವಾರ ಎಂಟೂವರೆಗೆ ಆಸ್ಪತ್ರೆಯ ತೂಕದ ಯಂತ್ರ ನಲವತ್ತೈದು ಪಾಯಿಂಟ್ ಆರು ತೋರಿಸಿತು.

ಡಾಕ್ಟರು ಮಾತು ಶುರು ಮಾಡುವ ಮೊದಲೇ ಅಪ್ಪಾಜಿ ಕೈ ಎತ್ತಿ ತಡೆದರು. ಫೋನಿನಲ್ಲಿ ಮೊದಲೇ ಬರೆದಿಟ್ಟುಕೊಂಡಿದ್ದರು.

'ಎಷ್ಟು ವಾರ ಇರಬೇಕು? ಹುಣ್ಣು ಮಾಯೋಕೆ ಎಷ್ಟು ದಿನ? ಮಾದ ಮೇಲೆ ತೆಗೀತೀರಾ? ನಿಜ ಹೇಳಿ.'

"ಐದು ವಾರ, ಹೆಚ್ಚಂದ್ರೆ ಆರು," ಎಂದರು ಡಾಕ್ಟರು. "ಗಂಟಲು ವಾಸಿಯಾಗ್ತಾ ಇದೆ ಸಾರ್. ಅಲ್ಲಿವರೆಗೆ ದೇಹಕ್ಕೆ ಶಕ್ತಿ ಬೇಕು, ಅಷ್ಟೇ. ತೆಗೀತೀವಿ."

ಅಪ್ಪಾಜಿ ನಳಿಗೆಯನ್ನೂ ಆರು ವಾರವನ್ನೂ ತೂಗಿ ನೋಡುವವರಂತೆ ಕೂತರು. ಆಮೇಲೆ ಟೈಪ್ ಮಾಡಿದರು: 'ಹಾಕಿ.' ಅದರ ಕೆಳಗೆ, ಮಗಳಿಗೆ: 'ನೀನು ಏನೂ ಹೇಳದೆ ಇದ್ದಾಗ ಸಾಯ್ತಿದೀನಿ ಅಂದ್ಕೊಂಡಿದ್ದೆ. ಆರು ವಾರ ಅಂದ್ರೆ ಲೆಕ್ಕಕ್ಕೆ ಸಿಗುತ್ತೆ.'

ನರ್ಸು ಪರದೆ ಎಳೆದಳು. ಶೈಲಜಾ ಅವ್ವನನ್ನು ಒಳಗೆ ಬಿಟ್ಟು ಕಾರಿಡಾರಿಗೆ ಬಂದಳು. ಸಾಲು ಕುರ್ಚಿಗಳಾಚೆ, ನೀರಿನ ಫಿಲ್ಟರಿನ ಪಕ್ಕ, ಗೋಡೆಗೆ ಒರಗಿ ನಂದೀಶ್ ನಿಂತಿದ್ದ. ಅಂಗಿ ಇಸ್ತ್ರಿಯಾಗಿತ್ತು, ಕಣ್ಣು ನಿದ್ದೆಗೆಟ್ಟಿತ್ತು.

"ಯಾವಾಗ ಬಂದ್ರಿ?"

"ಏಳಕ್ಕೆ. ಯಾವ ಆಸ್ಪತ್ರೆ ಅಂತ ನಿಮ್ಮ ವಾಚ್‌ಮನ್ ಹೇಳಿದ." ಅವನು ಗಂಟಲು ಸರಿಮಾಡಿಕೊಂಡ. "ನಿನ್ನೆ ನಾನು ಹಾಗೆ ಹೇಳಬಾರದಿತ್ತು. ನಿಮ್ಮ ಮನೆ ವಿಷಯ. ನನ್ನಿಂದ ಅವರು ತಿನ್ನೋದು ಬಿಟ್ರು ಅಂದ್ರೆ..."

"ಒಪ್ಕೊಂಡ್ರು," ಎಂದಳು. "ಒಳಗೆ ಹಾಕ್ತಿದಾರೆ. ಅವರೇ ಹಾಕಿ ಅಂದ್ರು."

ಹೇಳುತ್ತಿದ್ದಂತೆ ಎಷ್ಟೋ ತಿಂಗಳ ಅಳು ಒಮ್ಮೆಲೇ ಬಂತು. ಅವನು ಕೈ ಮುಂದೆ ಮಾಡಿದ, ನಡುದಾರಿಯಲ್ಲೇ ನಿಲ್ಲಿಸಿದ. ಆ ಕೈಯನ್ನು ಅವಳೇ ಹಿಡಿದುಕೊಂಡಳು. ತಂತಿ ಎಳೆದು ಎಳೆದು ಒರಟಾದ ಬೆರಳುಗಳು. ಇವತ್ತು ಬೆಚ್ಚಗಿದ್ದವು.

"ಈಗ ನಾನು ಹೇಳ್ತೀನಿ, ನೀವು ನಡುವೆ ಮಾತಾಡಬೇಡಿ," ಎಂದಳು ಅಳುತ್ತಲೇ. "ನೀವು ನನಗೆ ಇಷ್ಟ. ಮೆಟ್ರೋದಲ್ಲೂ ಇಷ್ಟ ಇದ್ರಿ. ಆ ರಿಪೋರ್ಟಿಗೆ ಸಹಿ ಹಾಕುವಾಗಲೂ ಇಷ್ಟ ಇದ್ರಿ. ಮೊನ್ನೆ ನೇರ ತಂತಿ ಕೊಡಲ್ಲ ಅಂದಾಗ ಕೆನ್ನೆಗೆ ಬಾರಿಸಬೇಕು ಅನ್ನಿಸ್ತು, ಆಗಲೂ ಇಷ್ಟಾನೇ. ನಿಮಗೆ ಬೇಡ ಅಂದ್ರೆ ಈಗಲೇ ಹೇಳಿ. ಇನ್ನು ಮೂರು ವರ್ಷ ನನ್ನ ಕೈಲಿ ಕಾಯೋಕಾಗಲ್ಲ."

ಅವನು ಸುಮ್ಮನಿದ್ದ.

"ಮಾತಾಡಿ!"

"ನೀವೇ ಮಾತಾಡಬೇಡಿ ಅಂದ್ರಲ್ಲ." ತುಟಿಯಂಚಿನಲ್ಲಿ ಆ ಹಳೆಯ ನಗು ಮೂಡಿ, ನಡುಗಿ, ಕಣ್ಣಿನಲ್ಲಿ ನೀರಾಯಿತು. "ನಿನ್ನೆ ಬೆಳಿಗ್ಗೆ ಹಾಲು ಕರೆದು ಕ್ಯಾನಿಗೆ ಹಾಕ್ತಿದ್ದೆ. ನಮ್ಮಮ್ಮ ಬಂದು ಕೇಳಿದ್ಲು, 'ಆಲು ಯಾರ್ಗ್ಲಾ ಇಷ್ಟೊಂದು?' ಅಂತ. ನಾನು ಮದುವೆ ಆಗ್ಬೇಕು ಅಂದ್ಕೊಂಡಿರೋ ಹುಡುಗಿ ಮನೆಗೆ ಅಂದುಬಿಟ್ಟೆ. ಬಾಯಿಂದ ಬಂದ ಮೇಲೆ ನನಗೇ ಗೊತ್ತಾಗಿದ್ದು."

"ಅವರೇನಂದ್ರು?"

"'ಅಂಗಾದ್ರೆ ನೀರು ಬೆರೆಸ್ಬೇಡ' ಅಂದ್ಲು."

ಶೈಲಜಾ ಅಳುವಿನ ನಡುವೆಯೇ ನಕ್ಕಳು. ನಗು ಅರ್ಧದಲ್ಲೇ ನಿಂತಿತು. ಪರದೆಯ ಈಚೆಗೆ ಚನ್ನಬಸಮ್ಮ ಬಂದು ನಿಂತಿದ್ದರು. ಅವರ ದೃಷ್ಟಿ ಇಬ್ಬರ ಹೆಣೆದ ಕೈಗಳ ಮೇಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ನಂದೀಶ್ ಕೈ ಬಿಡಿಸಿಕೊಳ್ಳಲು ನೋಡಿದ. ಶೈಲಜಾ ಬಿಡಲಿಲ್ಲ.

"ಅವ್ವ, ಇವರು ಬರೀ ರಿಪೇರಿಯವರಲ್ಲ."

"ಗೊತ್ತಾತು," ಎಂದರು ಚನ್ನಬಸಮ್ಮ. ಮುಖ ಬಿಗಿದಿತ್ತು. "ಲಿಂಗಾಯತರಲ್ಲ."

"ಅಲ್ಲ ಅಮ್ಮ," ಎಂದ ನಂದೀಶ್. "ಒಕ್ಕಲಿಗರು. ಮನೇಲಿ ಮಾಂಸ ಮಾಡ್ತಾರೆ. ಪೀಣ್ಯದ ವಿಷಯ ಕೂಡ ನಿನ್ನೆ ಕೇಳಿಸ್ಕೊಂಡಿರ್ತೀರ. ಅದೂ ನಿಜ."

ಚನ್ನಬಸಮ್ಮ ಅತ್ತ ತಿರುಗಿದರು. ಕಿಟಕಿಯಾಚೆಯ ರಸ್ತೆಯನ್ನು ನೋಡುತ್ತ ನಿಂತರು. ಒಂದು ಕಂಪನಿ ಬಸ್ಸು ಹೋಯಿತು, ಇನ್ನೊಂದು ಹೋಯಿತು. ಶೈಲಜಾಳ ಅಂಗೈ ಬೆವೆತಿತ್ತು.

"ಅವ್ರು ಕರೀತಿದಾರೆ," ಎಂದರು ಕೊನೆಗೆ. "ಇಬ್ರನ್ನೂ."

ಹಾಸಿಗೆಯ ಮೇಲೆ ಅಪ್ಪಾಜಿ ದಿಂಬಿಗೆ ಒರಗಿದ್ದರು. ಮೂಗಿನ ಪಕ್ಕಕ್ಕೆ ಬಿಳಿ ಟೇಪು, ಅದರಿಂದ ಸಪೂರ ನಳಿಗೆ ಕಿವಿಯ ಹಿಂದೆ ಹೋಗಿತ್ತು. ಕಣ್ಣಂಚು ಒದ್ದೆಯಾಗಿತ್ತು, ನೋಟ ಮಾತ್ರ ಚೂಪು. ನಂದೀಶನನ್ನು ಬೆರಳು ಮಾಡಿ ಹತ್ತಿರ ಕರೆದರು. ಫೋನ್ ಕೈಗೆ ಕೊಟ್ಟರು. ಅವನು ಓದಿದ, ಮತ್ತೊಮ್ಮೆ ಓದಿದ. ಏನೆಂದು ನೋಡಲು ಶೈಲಜಾ ಅವನ ಭುಜದ ಮೇಲಿಂದ ಬಗ್ಗಿದಳು.

'ಊಟ ನಳಿಗೆಯಲ್ಲಿ ಹೋಗುತ್ತೆ. ಐಸ್‌ಕ್ರೀಂ ಬಾಯಲ್ಲೇ ಬೇಕು. ದಿನಾ ಸಂಜೆ ಬಾ. ನಿನಗೂ ಇವಳಿಗೂ ಒಬ್ಬರನ್ನೊಬ್ಬರು ಕೇಳಿ ತೀರ್ಮಾನ ಮಾಡೋದು ರೂಢಿಯಾಗಲಿ. ಆರು ವಾರ ಕಳೆದು ನನಗೆ ದನಿ ಬಂದರೆ ನಿಮ್ಮಪ್ಪನ ಹತ್ತಿರ ನಾನೇ ಮಾತಾಡ್ತೀನಿ. ಬರದಿದ್ದರೆ ಇವಳ ಅವ್ವ ಮಾತಾಡ್ತಾಳೆ.'

"ನಾನು ಯಾಕ್ ಮಾತಾಡ್ಲಿ?" ಚನ್ನಬಸಮ್ಮ ಹಿಂದಿನಿಂದ ಓದಿ ಸಿಡುಕಿದರು. ಅಪ್ಪಾಜಿ ಹೆಂಡತಿಯ ಕಡೆ ನೋಡಿದರು. ಬರೀ ನೋಡಿದರು. ಮೂವತ್ನಾಲ್ಕು ವರ್ಷದ ದಾಂಪತ್ಯದಲ್ಲಿ ಆ ನೋಟಕ್ಕೆ ಅರ್ಥ ಹೇಳಬೇಕಾಗಿರಲಿಲ್ಲ.

ಚನ್ನಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಮೂಲೆಯಿಂದ ಎಳೆದು ತಂದು ನಂದೀಶನ ಪಕ್ಕಕ್ಕೆ ಇಟ್ಟರು. ಅವನ ಮುಖ ನೋಡಲಿಲ್ಲ.

"ಕೂತ್ಕಳಪ್ಪ," ಎಂದರು. "ಏಳು ಗಂಟೆಯಿಂದ ನಿಂತೇ ಇದೀಯಂತೆ."